ಎಡಮುರಿ ನೂಲು

ನಮ್ಮ ಚಿಕ್ಕಪ್ಪ ಸತ್ತು ಎಷ್ಟೋ ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುವವರ ಮನೆಯಿಂದ ಯಾರೂ ಏನೂ ಕದ್ದಿರಲಿಕ್ಕಿಲ್ಲ. ನಾನು ಇಟ್ಟುಕೊಂಡಿದ್ದೇನೆ.

ತಾಯಲೂರಿನ ಹತ್ತಿರ ನಮ್ಮದು ಎರಡು ತುಂಡು ರಾಗಿ ಹೊಲ, ಒಂದು ಸಣ್ಣ ಕುರಿಮಂದೆ. ಅಪ್ಪ ತೀರಿಕೊಂಡ ಮೇಲೆ ಕುರಿ ನೋಡಿಕೊಳ್ಳುತ್ತಿದ್ದವರು ಅಮ್ಮ ಮತ್ತು ನಾನು. ಗೋಡೆಯಾಚೆಯ ಮನೆಯಲ್ಲಿ ಚಿಕ್ಕಪ್ಪನ ಗುಂಡಿಮಗ್ಗ. ವರ್ಷಕ್ಕೆರಡು ಸಲ ಕುರಿಗಳನ್ನು ಕೆರೆಯಲ್ಲಿ ಮೀಯಿಸಿ, ಒಣಗಿದ ಮೇಲೆ ಉಣ್ಣೆ ಕತ್ತರಿಸುತ್ತಿದ್ದೆವು. ಹೆಂಗಸರು ನೂಲುವುದು, ಚಿಕ್ಕಪ್ಪ ಕಂಬಳಿ ನೇಯುವುದು.

ನಾನು ಎಡಚಿ. ಎಲ್ಲರೂ ಕದಿರನ್ನು ಬಲತೊಡೆಯ ಮೇಲೆ ಉಜ್ಜಿ ತಿರುಗಿಸಿದರೆ ನಾನು ಎಡತೊಡೆಯ ಮೇಲೆ. ಹಾಗಾಗಿ ನನ್ನ ನೂಲಿನ ಹುರಿ ಎಲ್ಲರದಕ್ಕಿಂತ ಉಲ್ಟಾ, ಎಡಮುರಿ. ಅಂಥ ನೂಲು ಶುಭಕಾರ್ಯದ ಕಂಬಳಿಗೆ ಬರಬಾರದೆಂಬುದು ನಮ್ಮ ಮನೆತನದ ಕಟ್ಟಳೆ. ಚಿಕ್ಕಪ್ಪ ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಿದ್ದ.

"ಲೇ ಎಡಚಿ, ನಿನ್ನ ನೂಲು ಹೆಣಕ್ಕೆ ಹೊದಿಸೋಕೂ ಲಾಯಕ್ಕಿಲ್ಲ ಕಣೇ."

ಅದು ಯುದ್ಧದ ಕಾಲ. ಸಿಪಾಯಿಗಳ ಕಂಬಳಿಗೆಂದು ಗುತ್ತಿಗೆದಾರರು ಮುಳಬಾಗಿಲಿನ ಸಂತೆಗೆ ಬಂದ ಉಣ್ಣೆಯನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದರು. ನಾನು ಮಾತ್ರ ಕರಿಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಮಾರಗೊಡದೆ ಎತ್ತಿಟ್ಟಿದ್ದೆ. ಅಷ್ಟು ಮೆತ್ತನೆಯದು ಒಂದು ಕುರಿಯ ಜನ್ಮಕ್ಕೆ ಒಂದೇ ಸಲ ಸಿಗುವುದು. ಅಮ್ಮನಿಗೆ ಉಬ್ಬಸ, ಮಾಗಿ ಬಂತೆಂದರೆ ಮಲಗಲಾರದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಅವಳಿಗೊಂದು ಕಂಬಳಿಯಾಗಲೆಂದು ಎರಡು ವರ್ಷ ನೂತು, ಉಂಡೆ ಮಾಡಿ, ರಾಗಿ ತುಂಬುವ ಖಾಲಿ ಮಣ್ಣಿನ ವಾಡೆಯಲ್ಲಿ ಇಟ್ಟಿದ್ದೆ. ಕಾರ್ತಿಕ ಕಳೆದ ಮಾರನೆಯ ದಿನ ನೋಡಿದರೆ ವಾಡೆ ಬರಿದು.

"ಹೋಗ್ಲಿ ಬಿಡೇ, ಯಾರ್ಗೋ ಚಳಿ ಆಗಿರ್ಬೇಕು," ಎಂದಳು ಅಮ್ಮ. ಅವಳ ಒಳ್ಳೆಯತನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾಲ್ಕು ದಿನದ ನಂತರ ಒಲೆಗೆ ಕೆಂಡ ಕೇಳುವ ನೆಪದಲ್ಲಿ ಚಿಕ್ಕಪ್ಪನ ಮನೆಗೆ ಹೋದೆ. ಅವನು ಊಟಕ್ಕೆ ಎದ್ದಿದ್ದ. ಮಗ್ಗದ ಮೇಲೆ ಅವನ ಮಗನ ಮದುವೆಯ ಗದ್ದುಗೆ ಕಂಬಳಿ ಅರ್ಧ ನೇಯ್ದಾಗಿತ್ತು. ನಮ್ಮಲ್ಲಿ ಹೆಣ್ಣುಗಂಡನ್ನು ಕೂರಿಸುವುದು ಹೊಸ ಕರಿಕಂಬಳಿಯ ಮೇಲೆ. ಲಾಳಿಯಿಂದ ಇಳಿಬಿದ್ದ ಎಳೆಯನ್ನು ಬೆರಳಲ್ಲಿ ಎಡಕ್ಕೆ ಹೊರಳಿಸಿದೆ. ಬೇರೆಯವರ ನೂಲಾಗಿದ್ದರೆ ಹಾಗೆ ಹೊರಳಿಸಿದಾಗ ಬಿಚ್ಚಿಕೊಳ್ಳಬೇಕಿತ್ತು. ಇದು ಇನ್ನೂ ಬಿಗಿಯಾಯಿತು. ನನ್ನದೇ. ಅಮ್ಮ ನೂತಿದ್ದೆಂದು ತಿಳಿದು ಕದ್ದು, ತನ್ನ ಮನೆಯ ನೂಲಿನ ಜೊತೆ ಬೆರೆಸಿ ನೇಯುತ್ತಿದ್ದ. ಕಣ್ಣಿಗೆ ಪೊರೆ, ಬೆಳಕಿಲ್ಲದ ಕೋಣೆ, ಕರಿಯ ಮೇಲೆ ಕರಿ. ಅವನಿಗೆ ಹೇಗೆ ಗೊತ್ತಾಗಬೇಕು?

ಅಲ್ಲೇ ಕೂಗಬಹುದಿತ್ತು. ನಾಲ್ಕು ಬೈಗುಳದಲ್ಲಿ ಮುಗಿದು ನೂಲು ವಾಪಸು ಬರುತ್ತಿತ್ತು. ನನಗೆ ಅಷ್ಟು ಸಾಲದು. ಬೀಗರ ಎದುರಿಗೇ ಅವನ ಮುಖಕ್ಕೆ ಮಸಿ ಬಳಿಯಬೇಕಿತ್ತು. ಕೆಂಡ ತೆಗೆದುಕೊಂಡು ಸುಮ್ಮನೆ ಬಂದೆ. ಗೋಡೆಯ ಈಚೆ ಕೂತು ಮಗ್ಗದ ಸದ್ದು ಕೇಳುತ್ತಾ, ಮಕ್ಕಳು ಹಬ್ಬಕ್ಕೆ ಕಾಯುವ ಹಾಗೆ ಕಾದೆ. ಆ ಮಾಗಿಯಲ್ಲಿ ಅಮ್ಮ ಗೋಣಿತಾಟು ಹೊದ್ದು ನಡುಗಿದಳು. ಅವಳ ಒಂದೊಂದು ಕೆಮ್ಮನ್ನೂ ನಾನು ಚಿಕ್ಕಪ್ಪನ ತಲೆಗೆ ಕಟ್ಟುತ್ತಾ ಹೋದೆ.

ಶಿವರಾತ್ರಿ ಕಳೆದು ಮದುವೆ. ಅಮ್ಮನಿಗೆ ಏದುಸಿರು, ಮನೆಯಲ್ಲೇ ಉಳಿದಳು. ರಾಯಲ್ಪಾಡಿನ ಕಡೆಯ ಬೀಗರು ಬಂದು ಕೂತರು. ಕುಲದ ಯಜಮಾನ ಕಂಬಳಿ ಹಾಸಿದ. ಚಪ್ಪರದ ಅಂಚಿನಿಂದ ಎಳೆಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದದ್ದೇ ತಡ, ಪಟ್ಟೆ ಪಟ್ಟೆ ಎದ್ದು ಕಂಡಿತು. ಎಡಮುರಿ, ಬಲಮುರಿ ಬೆರೆತರೆ ಬಿಸಿಲಲ್ಲಿ ಅಡಗುವುದಿಲ್ಲ.

"ಇದೇಮಿ ಬಾವಾ, ಚಾರಲು ಚಾರಲುಗಾ ಉಂದಿ?" ಹೀಗೇಕೆ ಪಟ್ಟೆ ಪಟ್ಟೆ ಎಂದು ಹೆಣ್ಣಿನ ತಂದೆ ತೆಲುಗಿನಲ್ಲಿ ಚಿಕ್ಕಪ್ಪನನ್ನು ಕೇಳಿದ.

ನಾನು ಮುಂದೆ ಹೋದೆ. "ಯಜಮಾನ್ರೇ, ಆ ಪಟ್ಟೇಲಿರೋ ಎಳೆ ಹೊರಳ್ಸಿ ನೋಡಿ. ಎಡಮುರಿ. ಈ ಊರಲ್ಲಿ ಎಡಗೈಲಿ ನೂಲೋಳು ನಾನೊಬ್ಳೇ. ನಮ್ಮನೆ ವಾಡೇಲಿದ್ದ ನೂಲು ಇಲ್ಲಿಗೆ ಹೆಂಗ್ಬಂತು ಅಂತ ಕೇಳಿ."

ಯಜಮಾನ ಎಳೆ ಹೊರಳಿಸಿ ನೋಡಿ ಚಿಕ್ಕಪ್ಪನ ಕಡೆ ತಿರುಗಿದ. "ಕಂಬಳಿ ಮುಟ್ಟಿ ಹೇಳಪ್ಪ, ಯಾರ್ದು?"

ಗದ್ದುಗೆ ಮುಟ್ಟಿ ಸುಳ್ಳು ಹೇಳುವ ಧೈರ್ಯ ನಮ್ಮಲ್ಲಿ ಕಳ್ಳನಿಗೂ ಇಲ್ಲ. "ಅತ್ತಿಗೆ ಮನೇದು," ಎಂದ, ನೆಲ ನೋಡುತ್ತಾ. ಅಷ್ಟು ಜನರೆದುರು ಅವನ ರುಮಾಲು ತೆಗೆಸಿ ಕಂಬಳಿಯ ಮುಂದೆ ಇಡಿಸಿದರು. ಬೇರೆ ಮನೆಯ ಹಳೆಯ ಕಂಬಳಿ ಎರವಲು ತಂದು ಮದುವೆ ನಡೆಯಿತು. ಅವನ ಬೋಳು ತಲೆ ನೋಡುತ್ತಾ ಕುಡಿದ ಪಾಯಸದ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ.

ಯಜಮಾನ ಆ ಕಂಬಳಿಯನ್ನು ನನಗೆ ಕೊಡಿಸಿದ. ಓಡಿ ಬಂದು ಅಮ್ಮನ ಹೆಗಲಿಗೆ ಹೊದಿಸಿದೆ. ಹೊರಗೆ ಸೆಕೆ ಶುರುವಾಗಿತ್ತು. ನಡೆದದ್ದನ್ನೆಲ್ಲ ಕುಣಿದುಕೊಂಡು ಹೇಳಿದೆ. ಅಮ್ಮ ನಗಲಿಲ್ಲ.

"ಮಗ್ಗದ ಮೇಲೆ ಯಾವಾಗ ನೋಡಿದ್ದೇ ನೀನು?"

"ಕಾರ್ತಿಕ ಕಳೆದು ನಾಕ್ ದಿನಕ್ಕೇ ಕಣಮ್ಮ."

ಅವಳು ಕಂಬಳಿ ತೆಗೆದು, ಮಡಿಸಿ, ನನ್ನ ತೊಡೆಯ ಮೇಲಿಟ್ಟಳು. "ಅವ್ನು ನೂಲು ಕದ್ದ, ಅಷ್ಟೇ. ಚಳಿಗಾಲ ಪೂರ್ತಿ ನನ್ನ ನಡುಗ್ಸಿದ್ದು ನೀನು ಕಣೇ."

ಮುಂದಿನ ಮಾಗಿಗೂ ಅವಳು ಗೋಣಿತಾಟನ್ನೇ ಹೊದ್ದಳು. ಕಂಬಳಿ ಈಗಲೂ ನನ್ನ ಹತ್ತಿರ ಇದೆ. ಚಿಕ್ಕಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಮ್ಮ ನಡುಗಿದ್ದನ್ನೂ ಅವನ ತಲೆಗೇ ಕಟ್ಟಬೇಕೆಂದು ಇಷ್ಟು ವರ್ಷ ಪ್ರಯತ್ನಿಸಿದ್ದೇನೆ. ಆಗಿಲ್ಲ.