ಖಡಕ್ ರೊಟ್ಟಿ ಮತ್ತು ನನ್ನ ಕೈ

ಕಲಬುರಗಿಯಲ್ಲಿ ಒಬ್ಬನೇ ಇರುತ್ತೇನೆಂದು ನಾನು ಹಟ ಹಿಡಿದಾಗ ಅವ್ವ ಒಂದೇ ಒಂದು ಕರಾರು ಹಾಕಿದಳು. "ಎತ್ತಿ ಕೂಡ್ಸವ್ರು ಯಾರರೆ ಸಿಗ್ತಾರ. ಉಣ್ಸವ್ರು ಸಿಗಲ್ಲ. ನಿನ್ ಕೈಲೇ ನೀ ಉಣ್ಣೋತನಕ ಅಲ್ಲಿರು. ಆಗ್ಲಿಲ್ಲ ಅಂದ ದಿನ ಸುಮ್ಮ ಕಮಲಾಪುರಕ್ಕ ಬಂದ್ಬಿಡು." ನಾನು ಹೂಂ ಅಂದೆ. ಆಗ ಕಾಲು ಮಾತ್ರ ಹೋಗಿತ್ತು, ಕೈ ಇನ್ನೂ ಗಟ್ಟಿಯಾಗಿತ್ತು.

ನನ್ನದು ಸ್ನಾಯು ಸವೆಯುವ ರೋಗ. ಒಮ್ಮೆ ಹೋದ ಶಕ್ತಿ ಮರಳಿ ಬರುವುದಿಲ್ಲ, ಇದ್ದದ್ದೂ ಹೋಗುತ್ತಲೇ ಇರುತ್ತದೆ. ಹದಿನೆಂಟು ತುಂಬಿದ ಮೇಲೆ ಮಕ್ಕಳ ಡಾಕ್ಟರು ನನ್ನ ಬೆನ್ನು ತಟ್ಟಿ, "ಇನ್ನ ನೀ ದೊಡ್ಡಾಂವ ಆದಿ, ದೊಡ್ಡವ್ರ ಡಾಕ್ಟರ್ ಕಡಿ ಹೋಗು" ಎಂದು ಸಾಗಹಾಕಿದರು. ಆ ದೊಡ್ಡವರ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಅವ್ವನನ್ನು ಕೇಳಿದರು: "ಇವನಿಗೆ ಊಟ ಸೇರ್ತದೇನ್ರಿ?" ನಾನೇನು ಸತ್ತಿದ್ದೆನೇ? ಮೈಯೆಲ್ಲ ಉರಿದುಹೋಯಿತು. ಒಬ್ಬನೇ ಬದುಕಿ ತೋರಿಸಬೇಕೆಂದು ಅವತ್ತೇ ನಿರ್ಧರಿಸಿದ್ದು.

ಜಗತ್ ಸರ್ಕಲ್ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಕೆಲಸ ಸಿಕ್ಕಿತು. ಬೆರಳಿಗೆ ಏನೂ ಆಗಿರಲಿಲ್ಲವಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಮಾಲಕರು ಬೆಳಿಗ್ಗೆ ಬಂದು ನನ್ನನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸುವರು. ಸಂಜೆ ಮಂಚದ ಮೇಲೆ ದಿಂಬಿಗೆ ಒರಗಿಸಿ, "ಚಲೋ ಸಾಬ್, ಆರಾಮ್ ಮಾಡ್ರಿ" ಎಂದು ಶಟರ್ ಎಳೆದು ಹೋಗುವರು. ಆಮೇಲೆ ಹೊರಗೆ ಆಟೋಗಳ ಗದ್ದಲ, ಒಳಗೆ ನಾನು. ಊರಿನ ಎಷ್ಟೋ ಲಗ್ನಗಳಿಗೆ 'ತಾವು ಸಹಕುಟುಂಬ ಸಮೇತ ಬರಬೇಕು' ಎಂದು ಬರೆದವನನ್ನು ಒಬ್ಬರೂ ಕರೆಯಲಿಲ್ಲ. ಪತ್ರಿಕೆ ತಿದ್ದಿಸಲು ಬಂದವರು ನನ್ನ ಕಾಲು ನೋಡಿ, "ಅಯ್ಯೋ ಪಾಪ, ಏನಾಗ್ಯಾದ?" ಅನ್ನುವರು. "ಏನಾಗಿಲ್ರಿ, ಸುಮ್ಮ ಕುಂತೀನಿ" ಅನ್ನುತ್ತಿದ್ದೆ. ಇಂಥವನ ಹತ್ತಿರ ಮತ್ತೆ ಮಾತಿಗೆ ಯಾರು ಬರುತ್ತಾರೆ?

ವಾರಕ್ಕೊಮ್ಮೆ ಕಮಲಾಪುರದ ಬಸ್ಸಿನಲ್ಲಿ ಅವ್ವನ ಗಂಟು ಬರುತ್ತಿತ್ತು: ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ. ನಮ್ಮ ಕಡೆ ಮಗ ಊರು ಬಿಟ್ಟರೆ ತಾಯಂದಿರು ಕಟ್ಟಿಕೊಡುವುದೇ ಅದನ್ನು. ಬಿಸಿ ರೊಟ್ಟಿ ಎರಡನೇ ದಿನಕ್ಕೆ ಹಾಳು. ಒಲೆಯ ಮುಂದೆ ನಿಲ್ಲಿಸಿ ಬಿರುಸಾಗಿ ಒಣಗಿಸಿದ್ದು ತಿಂಗಳು ಇರುತ್ತದೆ. ದೂರ ಇರುವ ಮಗನೆಂದು ಅವ್ವ ಇನ್ನಷ್ಟು ಒಣಗಿಸುತ್ತಿದ್ದಳು. ಅದನ್ನು ಮುರಿಯಲಿಕ್ಕೂ ರಟ್ಟೆಯಲ್ಲಿ ಬಲ ಬೇಕು ಎನ್ನುವುದು ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಒಂದು ಸಂಜೆ ಎರಡೂ ಕೈಯಲ್ಲಿ ಹಿಡಿದು ಒತ್ತಿದರೂ ರೊಟ್ಟಿ ಜಗ್ಗದೆ ಹೋಗುವ ತನಕ.

ಅಂಚು ಕಚ್ಚಿ ಎಳೆದೆ. ಮೊಣಕೈ ಊರಿದೆ. ನೀರು ಚಿಮುಕಿಸಿ ನೋಡಿದೆ; ತೊಗಲಿನ ಹಾಗಾಯಿತು, ಹರಿಯಲಿಕ್ಕೂ ಬರಲಿಲ್ಲ. ಕೊನೆಗೆ ಸಿಟ್ಟು ತಡೆಯದೆ ರೊಟ್ಟಿಯನ್ನೇ ಬಾಯಿಗೆ ಬಂದಂತೆ ಬೈದೆ. ಮಾಲಕರಿಗೆ ಒಂದು ಮಾತು ಹೇಳಿದ್ದರೆ ಪಟಪಟ ಮುರಿದಿಟ್ಟು ಹೋಗುತ್ತಿದ್ದರು. ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ನನ್ನ ಕೈಲಿ ಉಣ್ಣಲಾಗದು ಎಂದು ಒಪ್ಪಿಕೊಂಡ ಹಾಗೆ; ಕರಾರಿನ ಪ್ರಕಾರ ಅವತ್ತೇ ಗಂಟುಮೂಟೆ ಕಟ್ಟಬೇಕು. ಮಧ್ಯಾಹ್ನ ಖಾನಾವಳಿಯ ಅನ್ನವನ್ನು ಚಮಚದಲ್ಲಿ ತಿಂದು, ಸಂಜೆ ಹಿಂಡಿ ನೆಕ್ಕಿ ನೀರು ಕುಡಿದು ಮಲಗುತ್ತಿದ್ದೆ. ಫೋನಿನಲ್ಲಿ ಅವ್ವ "ಉಂಡೇನಪಾ?" ಅಂದರೆ, "ಹೊಟ್ಟಿ ಬಿರಿಯಂಗ ಉಂಡೀನಿ" ಅನ್ನುತ್ತಿದ್ದೆ. ಹೊಟ್ಟೆ ಚುರುಗುಡುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಅವ್ವ ಬಂದಳು. ರೊಟ್ಟಿ ಕಟ್ಟಿ ಕಳಿಸಿದ್ದ ಬಟ್ಟೆಗಳನ್ನು ಒಯ್ಯಲೆಂದು ಹುಡುಕಿದವಳಿಗೆ ಮಂಚದ ಕೆಳಗೆ ಬಿಚ್ಚಿದ ಗಂಟುಗಳಲ್ಲಿ ರೊಟ್ಟಿ ಹಾಗೇ ಸಿಕ್ಕವು. "ತಿನ್ನಾಕ ಮನಸಾಗ್ಲಿಲ್ಲ" ಅಂದೆ. ಅವಳು ಒಂದನ್ನು ನನ್ನ ಕೈಗಿಟ್ಟು, "ಮುರಿ" ಅಂದಳು.

ಒತ್ತಿದೆ. ಇನ್ನೊಮ್ಮೆ ಒತ್ತಿದೆ. ರೊಟ್ಟಿ ಹಾಗೇ ಇತ್ತು. ಅವಳು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಆಮೇಲೆ ರೊಟ್ಟಿ ಕಸಿದುಕೊಂಡು ನೆಲದ ಮೇಲೆ ಕುಳಿತು, ಉಡಿಯಲ್ಲಿ ಹಾಕಿಕೊಂಡು ಒಂದೊಂದೇ ಮುರಿಯತೊಡಗಿದಳು. "ಎಂಥಾ ಹುಚ್ಚಿ ನಾ, ಇನ್ನಾ ಒಣಗ್ಲಿ ಇನ್ನಾ ಒಣಗ್ಲಿ ಅಂತಿದ್ನಲ್ಲ! ನೀನರೆ ಬಾಯಿ ಬಿಡಬಾರ್ದೇನೋ ಖೋಡಿ?" ಬೈಯುತ್ತಲೇ ಎಲ್ಲವನ್ನೂ ನುಚ್ಚು ಮಾಡಿ ಡಬ್ಬಿಗೆ ತುಂಬಿದಳು. ಒಂದಿಷ್ಟನ್ನು ಖಾನಾವಳಿಯಿಂದ ಬಂದಿದ್ದ ಬೇಳೆಯಲ್ಲಿ ನೆನೆಸಿ ಚಮಚ ಕೊಟ್ಟಳು. ನಾನು ಉಂಡೆ. ಎಷ್ಟು ಹಸಿದಿದ್ದೆ ಎಂದು ಅವಳಿಗೆ ಗೊತ್ತಾಗಿಹೋಯಿತು.

ಇನ್ನು ನನ್ನ ಬಟ್ಟೆ ಕಟ್ಟುತ್ತಾಳೆ ಎಂದು ಕಾದೆ. ಬರುವುದಿಲ್ಲ, ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ ಎಂದು ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವಳು ಡಬ್ಬಿಯನ್ನು ನನ್ನ ಕೈಗೆಟುಕುವ ಹಾಗೆ ಇಟ್ಟು, ಸೆರಗಿನಿಂದ ನನ್ನ ಬಾಯಿ ಒರೆಸಿದಳು. "ಕೈಲೇ ಉಣ್ಣಾಕತ್ತೀಯಲ್ಲ. ಮತ್ತೇನ? ಇರು. ಇನ್ನ್ಮ್ಯಾಲೆ ಮುರಿದೇ ಕಳಸ್ತೀನಿ." ಐದೂವರೆಯ ಬಸ್ಸು ತಪ್ಪುತ್ತದೆಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಗೆದ್ದಿದ್ದೆ ನಾನು. ಖುಷಿಯಾಗಬೇಕಿತ್ತು. ಗೋಡೆಗೆ ಮುಖ ಮಾಡಿ ಗಳಗಳನೆ ಅತ್ತೆ. ಬಾ ಅಂದಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಆದರೂ ಅವ್ವ ಒಂದು ಸಲ ಬಾ ಅನ್ನಬೇಕಿತ್ತು.