ಕಾಗದದ ಮೇಲೆ ಮುಳುಗಿದ ಜಾವಗಲ್

ಗೆಳೆಯರೇ, ಇವತ್ತು ಅರಸೀಕೆರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ಹತ್ತಿರದ ಜಾವಗಲ್ ಊರನ್ನೇ ಮುಳುಗಿಸಿಬಿಟ್ಟೆವು. ಮಳೆಯ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಸಹೋದ್ಯೋಗಿ ರುದ್ರಪ್ಪನದು, ಆ ಮಳೆಗೆ ಆ ಊರಿನ ಕೆರೆ ಎಷ್ಟು ತುಂಬುತ್ತದೆಂದು ಹೇಳುವುದು ನನ್ನದು. ಮೊದಲ ಸಲ ಎರಡನ್ನೂ ಜೋಡಿಸಿದ್ದೆವು. ಬೆಂಗಳೂರಿನ ಕಂಪ್ಯೂಟರಿನಿಂದ ಬಂದ ಉದ್ದನೆಯ ಹಾಳೆ ಬಿಚ್ಚಿದವನೇ, "ಲೋ ರುದ್ರ, ಜಾವಗಲ್ ಪೂರ್ತಿ ಮುಳುಗಿದೆ ಕಣೋ!" ಎಂದು ಕೂಗಿದೆ.

ಹೋಟೆಲಿನ ಗೌರಮ್ಮ ಕೈಲಿದ್ದ ಲೋಟ ಬಿಟ್ಟರು. "ಅಯ್ಯೋ, ನನ್ ಮಗಳು ಅಲ್ಲೇ ಅವ್ಳೆ ಕಣಪ್ಪಾ!"

ಮುಳುಗಿದ್ದು ಕಾಗದದ ಮೇಲೆ ಮಾತ್ರ ಎಂದು ಅವರನ್ನು ಸಮಾಧಾನ ಮಾಡಿ, ತಪ್ಪು ಹುಡುಕಿದೆವು. ರುದ್ರಪ್ಪ ಮಳೆಯನ್ನು ಮಿಲಿಮೀಟರಿನಲ್ಲಿ ಕೊಟ್ಟಿದ್ದ; ನನ್ನ ಪ್ರೋಗ್ರಾಂ ಅದನ್ನು ಅಂಗುಲವೆಂದು ತಿಳಿದಿತ್ತು.

"ದಿನಾ ಒಂದೇ ಬೆಂಚಲ್ಲಿ ಕೂತ್ಕೋತೀರ, ಇಷ್ಟು ಮಾತಾಡ್ಕೊಳ್ಳಕ್ಕೆ ಏನಾಗಿತ್ರಪ್ಪಾ?" ಎಂದು ಗದರಿದ ಗೌರಮ್ಮ, ನಗುತ್ತಲೇ ಇನ್ನೆರಡು ಕಾಫಿ ತಂದಿಟ್ಟರು.

ಪ್ರೋಗ್ರಾಂ ಜೋಡಿಸುವ ಬಗ್ಗೆ ಮೇಲಧಿಕಾರಿಗಳು ಕಳಿಸಿದ ದಪ್ಪ ಕಡತದಲ್ಲಿ ಈ ಸಲಹೆ ಎಲ್ಲೂ ಇರಲಿಲ್ಲ.