ರೊಟ್ಟಿ ಬಡಿಯುವ ಕೈ

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೂ ನಾನು ಏಳುವುದು ಐದಕ್ಕೇ. ತಾವರಗೇರಾ ಕಡೆಯ ಕೆರೆಯ ದಂಡೆಯಲ್ಲಿ ನಾನೂ ಹೆಂಡತಿಯೂ ಡೇರೆ ಹಾಕಿದ್ದ ಎರಡು ದಿನವೂ ಅದು ತಪ್ಪಲಿಲ್ಲ. ಹೊರಡುವ ದಿನ ಏಳಕ್ಕೆ ಅವಲಕ್ಕಿ, ಎಂಟಕ್ಕೆ ಡೇರೆ ಮಡಚುವುದು, ಆಮೇಲೆ ಕುಕನೂರು ದಾರಿಯ ಶಿಲ್ಪವನ.

"ಇದು ತಿರುಗಾಟನೋ, ನಿಮ್ಮ ಸಾಲಿ ಟೈಮ್‌ಟೇಬಲ್ಲೋ?" ಎಂದಳು ಹೆಂಡತಿ. ನಾನು ಡೇರೆಯ ಗೂಟಗಳನ್ನು ಎಣಿಸುತ್ತಿದ್ದೆ.

ವನದ ತುಂಬ ಸಿಮೆಂಟಿನ ಜನ. ಕೂರಿಗೆ ಹಿಡಿದವನು, ಕೌದಿ ಹೊಲಿಯುವ ಮುದುಕಿ. ಕೊನೆಯಲ್ಲಿ ಒಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಅವಳ ಮುಂದೆ ನಡುವಯಸ್ಸಿನ ಶಿಲ್ಪಿ ಉಳಿ, ಸುತ್ತಿಗೆ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

"ತಪ್ಪಾಗೇತಲ್ಲ," ಎಂದೆ. "ಎಡಗೈಲೆ ಬಡೀತಾಳ."

"ನೀವೂ ಅದನ್ನ ಅಂದ್ರಿ. ಮಂದಿ ನಗತಾರಂತ ಮ್ಯಾನೇಜರು ಕೈ ಒಡದು ಬಲಗೈಗೆ ತಿರುವು ಅಂದಾರ್ರಿ. ಇವತ್ತ ಮುಗಸಬೇಕು."

"ಮತ್ತ ಯಾಕ ಕುಂತೀರಿ?"

"ಈಕಿ ನಮ್ಮವ್ವ ರೀ. ರೊಡ್ಡಿ ಇದ್ಳು. ನಾ ಸಣ್ಣಾಂವ ಇದ್ದಾಗ ಹೋದ್ಳು. ಫೋಟೋ ಇಲ್ಲ, ಮಾರಿ ನೆನಪಿಲ್ಲ. ಮಾರಿ ನನ್ನ ಮಗಳದು ಇಟ್ಟೀನ್ರಿ. ನಮ್ಮವ್ವಂದಂತ ಇರೂದು ಆ ಕೈ ಒಂದ."

ರೊಡ್ಡಿ ಎಂದರೆ ನಮ್ಮ ಕಡೆ ಎಡಗೈಯವಳು. ಆ ಬೈಗುಳವನ್ನು ನಾನು ತರಗತಿಯಲ್ಲಿ ಆಡಗೊಡುತ್ತಿರಲಿಲ್ಲ. ಆದರೆ ಒಂದನೆಯ ಇಯತ್ತೆಯ ಮೊದಲ ವಾರವೇ, ಬಳಪ ಎಡಗೈಯಲ್ಲಿದ್ದರೆ ಬೆರಳ ಗಂಟಿನ ಮೇಲೆ ರೂಲುಪಟ್ಟಿಯಿಂದ ಹೊಡೆಯುತ್ತಿದ್ದೆ. ಅದನ್ನು ಶಿಸ್ತು ಎಂದೇ ನಂಬಿದ್ದೆ. ಹಾಜರಿಯಲ್ಲಿ ಒಂದು ಗೀಟು ತಪ್ಪಿಸದ ನಾನು, ಎಷ್ಟು ಕೈಗಳನ್ನು ಹಾಗೆ ತಿರುವಿದೆ ಎಂದು ಎಲ್ಲಿಯೂ ಬರೆದಿಡಲಿಲ್ಲ.

ಹೆಂಡತಿ ನನ್ನ ಮುಖ ನೋಡಿದಳು. "ಒಡೀರಿ ಅಂತೀರೇನು?" ಎಂದಳು, ಅಷ್ಟೇ.

ನೇರ ಕಚೇರಿಗೆ ಹೋದೆ. ಮ್ಯಾನೇಜರು ಮರ್ಯಾದೆಯಿಂದ ಕುರ್ಚಿ ಕೊಟ್ಟರು. "ಎಡಗೈಲೆ ಯಾರ್ ರೊಟ್ಟಿ ಮಾಡ್ತಾರ್ರಿ ಸರ? ನೋಡಿದವರು ನಮ್ಮನ್ನ ಹಾಸ್ಯ ಮಾಡ್ತಾರ."

"ಮಾಡಿದಾಕಿ ಇದ್ಳು. ಆಕಿ ಮಗ ಹೊರಗ ಕುಂತಾನ. ಗೊತ್ತಿಲ್ಲದವರು ನಗತಾರ, ಒಂದು ಹಲಗಿ ಹಚ್ಚಿದ್ರ ಮುಗೀತು."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. "ಹಂಗಾದ್ರ ನೀವ ಬರದು ಕೊಡ್ರಿ. ಅಕ್ಷರ ಛಲೋ ಇರಬೇಕು."

ಸಣ್ಣ ಹಲಗೆ, ಬಿಳಿ ಬಣ್ಣ, ಕುಂಚ ಸಿಕ್ಕವು. ಶಿಲ್ಪಿಯ ಪಕ್ಕದಲ್ಲೇ ಕೂತು ದುಂಡಗೆ ಬರೆದೆ: "ಎಡಗೈ ರೂಢಿಯ ತಾಯಿ ರೊಟ್ಟಿ ಬಡಿಯುತ್ತಿರುವುದು."

ಆತ ಎರಡು ಸಲ ಓದಿದ. "ಸರ, ತಪ್ಪ ತಿಳಿಬ್ಯಾಡ್ರಿ. ಇದು ಯಾರೋ ಬ್ಯಾರೆ ಹೆಣ್ಮಗಳು ಅನಸ್ತೈತಿ. ರೊಡ್ಡಿ ಅಂತ ಬರೀರಿ. ಊರಾಗ ನಮ್ಮವ್ವನ್ನ ಹಂಗ ಕರೀತಿದ್ರು, ಆಕಿನೂ ಓ ಅಂತಿದ್ಳು."

ಬಟ್ಟೆಯಿಂದ ಮೊದಲು ಬರೆದದ್ದನ್ನು ಒರೆಸಿ, ಆತ ಹೇಳಿದಂತೆಯೇ ಬರೆದುಕೊಟ್ಟೆ. ಆತ ಉಳಿಯನ್ನು ಚೀಲಕ್ಕೆ ಹಾಕಿದ.